ಮಂಗಟ್ಟೆ ಮತ್ತು ಕೊಂಡುಕುರಿ: ಇವೆರಡನ್ನೂ ಹೋಲಿಸಬಹುದಾ?

ಗೋಡೆಪತ್ರಿಕೆ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರದ ವನ್ಯಜೀವಿ ಸಪ್ತಾಹಕ್ಕೆ ನಮ್ಮ ಶಾಲೆಯಲ್ಲಿ ಪ್ರತಿ ತರಗತಿಗೂ ಎರಡು ಪ್ರಾಣಿ ಕೊಟ್ಟು, ಹೋಲಿಸಿ ಚಾರ್ಟ್ ಮಾಡಿ ಅಂದಿದ್ದಾರೆ. ಚೀಟಿ ಎತ್ತಿದಾಗ ನಮ್ಮ ಎಂಟನೇ ತರಗತಿಗೆ ಬಂದದ್ದು ದೊಡ್ಡ ಮಂಗಟ್ಟೆ (ಗ್ರೇಟ್ ಹಾರ್ನ್‌ಬಿಲ್) ಮತ್ತು ಕೊಂಡುಕುರಿ (ಚೌಸಿಂಗ). ಪಕ್ಕದ ತರಗತಿಯವರಿಗೆ ಹುಲಿ ಮತ್ತು ಚಿರತೆ ಸಿಕ್ಕಿದೆ, ಅವರು ಆರಾಮಾಗಿದ್ದಾರೆ.

ಸಹೋದ್ಯೋಗಿಯೊಬ್ಬರು "ಒಂದು ಹಾರುತ್ತದೆ, ಇನ್ನೊಂದು ಮೆಲುಕು ಹಾಕುತ್ತದೆ, ಹೋಲಿಸಲು ಏನಿದೆ? ಚೀಟಿ ಬದಲಾಯಿಸಿಕೊಳ್ಳಿ" ಅನ್ನುತ್ತಿದ್ದಾರೆ. ಮಕ್ಕಳು ಈವರೆಗೆ ಬರೆದದ್ದು ಮೂರೇ ಸಾಲು: ಎರಡಕ್ಕೂ ತಲೆ ಮೇಲೆ ಕೊಂಬಿದೆ, ಎರಡೂ ಕಾಡಲ್ಲಿವೆ, ಎರಡನ್ನೂ ಕೊಂದರೆ ಜೈಲು. ಇದಕ್ಕಿಂತ ಆಳಕ್ಕೆ ಹೋಗಲು ಏನಾದರೂ ಇದೆಯಾ? ಹುಡುಗಿಯೊಬ್ಬಳು "ಇವೆರಡರಲ್ಲಿ ಯಾವುದನ್ನು ಉಳಿಸೋದು ಜಾಸ್ತಿ ಕಷ್ಟ ಮಿಸ್?" ಅಂತಲೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೇ ಬೈನಾಕ್ಯುಲರ್:
ಮಂಗಟ್ಟೆ ಗೆದ್ದಿತು. ಚರ್ಚೆ ಮುಗಿಯಿತು.

ಸೀಳುನಾಯಿ:
ಗೆಲ್ಲೋಕೆ ಇದೇನು ಕುಸ್ತಿನಾ ಸರ್?

ಗೋಣಿಮರ:
ಚೀಟಿ ಬದಲಾಯಿಸಬೇಡಿ ಮೇಡಂ. ಹುಲಿ ಚಿರತೆ ಹೋಲಿಕೆ ಎಲ್ಲರೂ ಮಾಡುತ್ತಾರೆ. ನಿಮ್ಮದೇ ಒಳ್ಳೆಯ ಜೋಡಿ.

ಮಕ್ಕಳ ಮೊದಲ ಸಾಲಿನಿಂದಲೇ ಶುರು ಮಾಡಿ. ಕೊಂಡುಕುರಿಯ ಕೊಂಬು ಅಂದರೆ ಒಳಗೆ ಎಲುಬಿನ ತಿರುಳು, ಹೊರಗೆ ಕೆರಾಟಿನ್ ಕವಚ. ನಮ್ಮ ಉಗುರು, ಕೂದಲು ಆಗಿರುವುದೂ ಕೆರಾಟಿನ್‌ನಿಂದಲೇ. ಮಂಗಟ್ಟೆಯ ಕೊಕ್ಕಿನ ಮೇಲೆ ಕೂತಿರುತ್ತದಲ್ಲ ಹಳದಿ ಕಿರೀಟ, ಇಂಗ್ಲಿಷಿನವರು ಕ್ಯಾಸ್ಕ್ ಅನ್ನುವುದು, ಅದೂ ಹೊರಗೆ ಕೆರಾಟಿನ್, ಒಳಗೆ ಎಲುಬು. ಆದರೆ ಆ ಎಲುಬು ತೆಳು, ನಡುವೆ ಬಹುಪಾಲು ಟೊಳ್ಳು. ಅಷ್ಟು ದೊಡ್ಡ ಕೊಕ್ಕು ಗಟ್ಟಿಯಾಗಿದ್ದರೆ ಹಕ್ಕಿ ಹಾರುವುದು ಹೇಗೆ? ಹೀಗಿದ್ದೂ ಭಾರ ಭಾರವೇ. ಅದಕ್ಕೇ ಮಂಗಟ್ಟೆಗಳ ಕತ್ತಿನ ಮೊದಲ ಎರಡು ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿವೆ.

ಎರಡನೆಯದು, ಯಾರಿಗೆ ಕೊಂಬಿದೆ ಅನ್ನುವುದು. ಕೊಂಡುಕುರಿಯಲ್ಲಿ ಗಂಡಿಗೆ ಮಾತ್ರ. ಮಂಗಟ್ಟೆಯಲ್ಲಿ ಗಂಡು ಹೆಣ್ಣು ಎರಡಕ್ಕೂ ಕಿರೀಟ ಇದೆ, ಗಂಡಿನದು ದೊಡ್ಡದು. ದೂರದಿಂದ ಗುರುತಿಸಲು ಕಣ್ಣು ನೋಡಿ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿಚು. ದೊಡ್ಡ ಮಂಗಟ್ಟೆಯ ಗಂಡುಗಳು ಹಾರುತ್ತಲೇ ಕಿರೀಟಕ್ಕೆ ಕಿರೀಟ ಡಿಕ್ಕಿ ಹೊಡೆಯುತ್ತವೆ ಅಂತ ಹೇಳಿ, ಮಕ್ಕಳಿಗೆ ಖುಷಿಯಾಗುತ್ತದೆ.

ಪರೀಕ್ಷೆಗೆ ಓದೋಳು:
ಕೊಂಡುಕುರಿಗೆ ನಾಲ್ಕು ಕೊಂಬು ಅಲ್ವಾ? ಕೊಂಬಿನ ಬಗ್ಗೆ ಇಷ್ಟುದ್ದ ಬರೆದು ಅದನ್ನೇ ಬಿಟ್ಟಿದ್ದೀರಿ.

ಗೋಣಿಮರ:
ಅದು ಕೆಂಪುಧೂಳು ಅವರಿಗೆ ಅಂತ ಉಳಿಸಿದ್ದು. ಬರುತ್ತಾರೆ ನೋಡಿ.

ಕೆಂಪುಧೂಳು:
ಬಂದೆ. 😀

ಹೌದು, ನಾಲ್ಕು ಕೊಂಬಿನ ಕಾಡುಪ್ರಾಣಿ ಇಡೀ ಜಗತ್ತಿನಲ್ಲಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಹಿಂದಿನ ಜೋಡಿ ಮೊದಲು ಮೂಡುತ್ತದೆ, ಸುಮಾರು 8ರಿಂದ 10 ಸೆಂ.ಮೀ. ಉದ್ದ. ಮುಂದಿನ ಜೋಡಿ ಆಮೇಲೆ ಬರುತ್ತದೆ, ಹಣೆಯ ಮೇಲೆ ಚಿಕ್ಕ ಮೊಳೆ, ಹೆಚ್ಚೆಂದರೆ 5 ಸೆಂ.ಮೀ. ನಮ್ಮ ದಕ್ಷಿಣದ ಪ್ರಾಣಿಗಳಲ್ಲಿ ಮುಂದಿನ ಜೋಡಿ ಬರೀ ಗುಬುಟು, ಕೆಲವಕ್ಕೆ ಕಾಣಿಸುವುದೇ ಇಲ್ಲ. ಹಾಗಾಗಿ ಚಾರ್ಟ್‌ನಲ್ಲಿ ನಾಲ್ಕೂ ಕೊಂಬನ್ನು ಒಂದೇ ಉದ್ದ ಬಿಡಿಸಿಬಿಡಬೇಡಿ. ಸುಮಾರು ಪುಸ್ತಕಗಳಲ್ಲಿ ಹಾಗೇ ಇರುತ್ತದೆ, ನೋಡಿದರೆ ಮೈ ಉರಿಯುತ್ತದೆ.

ಪ್ರಾಣಿ ಚಿಕ್ಕದು. ಭುಜದ ಎತ್ತರ 60 ಸೆಂ.ಮೀ. ಆಸುಪಾಸು, ತೂಕ 20 ಕಿಲೋ ಸುತ್ತಮುತ್ತ. ಹತ್ತಿರದ ನೆಂಟ ಯಾರು ಗೊತ್ತಾ? ನೀಲಗಾಯಿ! ಅದು ಇನ್ನೂರು ಕಿಲೋ ದಾಟುವ ಪ್ರಾಣಿ. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಯಾರೂ ನಂಬುವುದಿಲ್ಲ.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೇ ಅಂತ ಅಭಯಾರಣ್ಯ ಇದೆ. ದಾವಣಗೆರೆ ಜಿಲ್ಲೆಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮಳೆಗಾಲದ ಕಪ್ಪೆ:
ಕೊಂಡುಕುರಿ ನಮ್ಮ ತೋಟಕ್ಕೇ ಬರುತ್ತದೆ ಮಾರಾಯ್ರೆ. ರಾತ್ರಿ ನಾಯಿ ಬೊಗಳಿದ ಹಾಗೆ ಕೂಗುತ್ತದೆ. ಮೈ ಕೆಂಪಗೆ, ಮುಖದ ಮೇಲೆ ಕಪ್ಪು ಗೆರೆ.

ಕೆಂಪುಧೂಳು:
ಅದು ಕಾಡುಕುರಿ ಅಣ್ಣಾ, ಬಾರ್ಕಿಂಗ್ ಡೀರ್. ಜಿಂಕೆ ಜಾತಿ. ಅದರ ಕೊಂಬು ಪ್ರತಿ ವರ್ಷ ಉದುರಿ ಮತ್ತೆ ಬರುತ್ತದೆ. ಕೊಂಬಿನ ಬುಡ ಉದ್ದಕ್ಕೆ, ಕೂದಲು ಮುಚ್ಚಿಕೊಂಡು ಇರುತ್ತದೆ, ಅಲ್ಲಿಂದ ಮುಖದ ಮೇಲೆ ಇಂಗ್ಲಿಷಿನ 'ವಿ' ಆಕಾರದ ಗೆರೆ ಇಳಿಯುತ್ತದೆ. ಗಂಡಿಗೆ ಬಾಯಿಂದ ಹೊರಗೆ ಚಾಚಿದ ಕೋರೆಹಲ್ಲೂ ಇರುತ್ತದೆ. ಕೊಂಡುಕುರಿ ಹುಲ್ಲೆ ಜಾತಿ, ಕೊಂಬು ಒಮ್ಮೆ ಬಂದರೆ ಸಾಯುವವರೆಗೂ ಇರುತ್ತದೆ. ಮೈ ಹಳದಿ ಮಿಶ್ರಿತ ಕಂದು, ಮುಂಗಾಲಿನ ಮುಂಭಾಗದಲ್ಲಿ ಉದ್ದಕ್ಕೆ ಕಪ್ಪು ಪಟ್ಟೆ. ಮತ್ತೆ, ತೋಟ ಮಲೆನಾಡಿನಲ್ಲಿ ಅಂದರೆ ನಿಮ್ಮದು ಕಾಡುಕುರಿಯೇ.

ಮಳೆಗಾಲದ ಕಪ್ಪೆ:
ನಮ್ಮಜ್ಜನ ಕಾಲದಿಂದ ನಾವು ಅದನ್ನ ಕೊಂಡುಕುರಿ ಅಂತಲೇ ಅಂದುಕೊಂಡು ಬಂದದ್ದು. ನೀವು ಹೇಳಿದಿರಿ ಅಂತ ಈಗ ಅದಕ್ಕೆ ನಾಮಕರಣ ಮಾಡಲಾ?

ಸೀಳುನಾಯಿ:
ಮಾಡಿ ಮಾಡಿ, ಹೋಳಿಗೆ ಊಟಕ್ಕೆ ನಾವೆಲ್ಲ ಬರುತ್ತೇವೆ.

ಗೋಡೆಪತ್ರಿಕೆ:
ಕಾಡುಕುರಿ ವಿಷಯ ಒಳ್ಳೆಯದೇ ಬಂತು. ಮಕ್ಕಳು ಚಾರ್ಟ್‌ಗೆ ಅಂಟಿಸಿದ್ದ ಫೋಟೋಗಳಲ್ಲಿ ಒಂದಕ್ಕೆ ನೀವು ಹೇಳಿದ 'ವಿ' ಗೆರೆ ಇದೆ. ನಾಳೆ ಬೆಳಿಗ್ಗೆ ಕಿತ್ತು ಹಾಕಿಸುತ್ತೇನೆ.

ಬಿದಿರುಮೆಳೆ:
ಎಲ್ಲರೂ ಮೈಮಾಟದಲ್ಲೇ ನಿಂತಿದ್ದೀರಿ. ನನ್ನ ಪ್ರಕಾರ ಹೋಲಿಸಬೇಕಾದ್ದು ಊಟವನ್ನು. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮಂಗಟ್ಟೆ ಮುಖ್ಯವಾಗಿ ಹಣ್ಣಿನ ಹಕ್ಕಿ. ಅದರಲ್ಲೂ ಆಲ, ಅತ್ತಿ, ಬಸರಿ, ಗೋಣಿ, ಹೀಗೆ ಅತ್ತಿ ಕುಲದ ಮರಗಳು. ಈ ಮರಗಳು ಎಲ್ಲಾ ಒಟ್ಟಿಗೆ ಹಣ್ಣು ಬಿಡುವುದಿಲ್ಲ. ಇವತ್ತು ಈ ಮರ, ಮುಂದಿನ ತಿಂಗಳು ಎರಡು ಗುಡ್ಡ ದಾಟಿ ಇನ್ನೊಂದು. ಹಣ್ಣಾದ ಮರದಲ್ಲಿ ಮಾತ್ರ ಬೇಕಾದಷ್ಟು, ನೂರು ಬಾಯಿಗೂ ಸಾಕು. ಹಾಗಾಗಿ ಮಂಗಟ್ಟೆ ದೂರ ಹಾರಬೇಕು, ಒಂದನ್ನೊಂದು ಕೂಗಿ ಕರೆಯಬೇಕು, ಮರಕ್ಕೆ ಬಂದರೆ ಒಟ್ಟಿಗೆ ಕೂತು ತಿನ್ನಬಹುದು. ಜಗಳ ಕಡಿಮೆ, ಗಲಾಟೆ ಜಾಸ್ತಿ.

ಕೊಂಡುಕುರಿ ಇದಕ್ಕೆ ಪೂರ್ತಿ ಉಲ್ಟಾ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಮೈ ಚಿಕ್ಕದಾದಷ್ಟೂ ಹೊಟ್ಟೆ ಚಿಕ್ಕದು. ಒರಟು ಹುಲ್ಲನ್ನು ತುಂಬಿಕೊಂಡು ಗಂಟೆಗಟ್ಟಲೆ ಕೊಳೆಸಿ ಅರಗಿಸಲು ಜಾಗವಿಲ್ಲ. ಕಾಡೆಮ್ಮೆಗೆ ಅದು ಆಗುತ್ತದೆ, ಇದಕ್ಕೆ ಆಗುವುದಿಲ್ಲ. ಇದು ಆರಿಸಿ ತಿನ್ನಬೇಕು: ಎಳೆ ಚಿಗುರು, ಹೂವು, ಬಿದ್ದ ಹಣ್ಣು, ಎಳೆ ಹುಲ್ಲು. ಅಂಥದ್ದು ಒಂದೇ ಕಡೆ ರಾಶಿ ಬಿದ್ದಿರುವುದಿಲ್ಲ. ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ. ಹತ್ತು ಪ್ರಾಣಿ ಒಟ್ಟಿಗೆ ಹೋದರೆ ಯಾರಿಗೂ ಸಾಲುವುದಿಲ್ಲ. ಅದಕ್ಕೇ ಕೊಂಡುಕುರಿ ಒಂಟಿ, ಅಥವಾ ಮರಿಯ ಜೊತೆ ತಾಯಿ. ಹಿಂಡು ಇಲ್ಲ ಅಂದಮೇಲೆ ನೂರು ಕಣ್ಣು ಕಾವಲಿಗೆ ಇಲ್ಲ. ಹಾಗಾದರೆ ಬದುಕುವುದು ಹೇಗೆ? ಅಡಗಿಕೊಂಡು. ಉದ್ದ ಹುಲ್ಲಲ್ಲಿ ಅಲುಗಾಡದೆ ಕೂತುಬಿಡುತ್ತದೆ. ನೀವು ತೀರಾ ಹತ್ತಿರ ಹೋಗುವವರೆಗೂ ಏಳುವುದಿಲ್ಲ.

ಒಂದು ಯಾಕೆ ಕಿರುಚುತ್ತದೆ, ಇನ್ನೊಂದು ಯಾಕೆ ಬಾಯಿ ಮುಚ್ಚಿಕೊಂಡಿದೆ ಅನ್ನುವುದಕ್ಕೆ ಕಾರಣ ಹೊಟ್ಟೆಯಲ್ಲಿದೆ ಮೇಡಂ.

ಗೋಡೆಪತ್ರಿಕೆ:
ಇದು! ನನಗೆ ಬೇಕಾಗಿದ್ದದ್ದು ಇದೇ. ಕೊನೆಯ ಸಾಲನ್ನು ಚಾರ್ಟ್‌ಗೆ ಶೀರ್ಷಿಕೆ ಮಾಡಬಹುದಾ?

ಬಿದಿರುಮೆಳೆ:
ಧಾರಾಳವಾಗಿ.

ಹಳೇ ಬೈನಾಕ್ಯುಲರ್:
ಕೊಂಡುಕುರಿ ಪೂರ್ತಿ ಮೂಕ ಅಲ್ಲ. ಗಾಬರಿಯಾದರೆ ಗಂಟಲಿನಿಂದ ಒಂದು ಒರಟು ಸದ್ದು ಮಾಡುತ್ತದೆ. ಆದರೆ ಮಂಗಟ್ಟೆ ಮುಂದೆ ಅದು ಲೆಕ್ಕಕ್ಕಿಲ್ಲ ಬಿಡಿ. ದೊಡ್ಡ ಮಂಗಟ್ಟೆ ಬಾಯಿ ತೆರೆಯುವುದೇ ಬೇಡ, ರೆಕ್ಕೆ ಬಡಿದರೇ ಸಾಕು, ಹಳೇ ಉಗಿಬಂಡಿ ಏರು ಹತ್ತಿದ ಹಾಗೆ ಕೇಳುತ್ತದೆ. ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರ್. ಅದಕ್ಕೇ ನಾನು ಮೊದಲೇ ಹೇಳಿದ್ದು, ಗೆದ್ದಿತು ಅಂತ.

ಪರೀಕ್ಷೆಗೆ ಓದೋಳು:
ಬೀಜ ಪ್ರಸಾರ? ಅದು ಎರಡಕ್ಕೂ ಹೊಂದುತ್ತದಲ್ಲ. ಎರಡೂ ಹಣ್ಣು ತಿನ್ನುತ್ತವೆ.

ಗೋಣಿಮರ:
ಮಂಗಟ್ಟೆಗೆ ಖಂಡಿತ. ರಾಮಪತ್ರೆಯಂಥ ದೊಡ್ಡ ಬೀಜದ ಹಣ್ಣನ್ನು ಇಡಿಯಾಗಿ ನುಂಗುವ ಬಾಯಿ ಕಾಡಲ್ಲಿ ಎಷ್ಟು ಹಕ್ಕಿಗಿದೆ? ತಿರುಳು ಇಳಿಸಿಕೊಂಡು ಬೀಜವನ್ನು ಹಾಳು ಮಾಡದೆ ಕಕ್ಕುತ್ತದೆ, ಅದೂ ತಾಯಿಮರದಿಂದ ದೂರ ಹಾರಿಹೋದ ಮೇಲೆ. ದಾಂಡೇಲಿ ಕಡೆಯ ಮಲಬಾರ್ ಪೈಡ್ ಮಂಗಟ್ಟೆ ಕಾಸರಕದ ಹಣ್ಣನ್ನೂ ತಿನ್ನುತ್ತದೆ. ಆ ಬೀಜ ನಮಗೆ ವಿಷ. ಅದು ತಿರುಳಷ್ಟೇ ತಿಂದು ಆರಾಮಾಗಿರುತ್ತದೆ.

ಬಿದಿರುಮೆಳೆ:
ಮೆಲುಕು ಹಾಕುವವೂ ಕಡಿಮೆ ಇಲ್ಲ. ಚುಕ್ಕೆ ಜಿಂಕೆ, ಕಾಡುಕುರಿ ನೆಲ್ಲಿಕಾಯಿ ನುಂಗಿ, ಆಮೇಲೆ ಎಲ್ಲೋ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಬೀಜ ಉಗುಳುತ್ತವೆ. ಒಣಕಾಡಲ್ಲಿ ನೆಲ್ಲಿ ಹರಡುವುದು ಇವುಗಳಿಂದಲೇ.

ಸೀಳುನಾಯಿ:
ಜಿಂಕೆ ಮಾಡಿದ್ದನ್ನು ಕೊಂಡುಕುರಿ ಲೆಕ್ಕಕ್ಕೆ ಬರೆಯಬೇಡಿ. "ಬಿದ್ದ ಹಣ್ಣು ತಿನ್ನುತ್ತದೆ" ಅಂತ ಬರೆದರೆ ಸಾಕು. ಮಕ್ಕಳ ಚಾರ್ಟ್ ಅಂತ ಸಡಿಲ ಬಿಡೋದು ಸರಿಯಲ್ಲ.

ಬಿದಿರುಮೆಳೆ:
ನಾನು ಜಿಂಕೆ ಅಂತಲೇ ಬರೆದಿದ್ದೀನಲ್ಲ ಗುರು. ಕಣ್ಣು ಬಿಟ್ಟು ಓದಿ.

ಅರಿಶಿನಬುರುಡೆ:
ನೀರಿನ ವಿಷಯ ಯಾರೂ ಎತ್ತಿಲ್ಲ. ಮಂಗಟ್ಟೆಗೆ ಬೇಕಾದ ನೀರು ಬಹುತೇಕ ಹಣ್ಣಿನಿಂದಲೇ ಸಿಗುತ್ತದೆ, ಅದು ನೀರಿಗೆ ಇಳಿಯುವುದೇ ಅಪರೂಪ. ಕೊಂಡುಕುರಿ ಇರುವುದು ಒಣಕಾಡಲ್ಲಿ, ಆದರೆ ಅದಕ್ಕೆ ದಿನವೂ ನೀರು ಬೇಕು. ಕೆರೆ ಹಳ್ಳ ಬಿಟ್ಟು ದೂರ ಹೋಗುವುದಿಲ್ಲ. ಮಳೆಕಾಡಿನದ್ದು ಕುಡಿಯುವುದಿಲ್ಲ, ಬರದ ಸೀಮೆಯದ್ದು ಕುಡಿಯದೆ ಇರುವುದಿಲ್ಲ. ತಮಾಷೆ ಅಲ್ವಾ?

ಕೆಂಪುಧೂಳು:
ತಮಾಷೆ ಅಲ್ಲ, ಅದೇ ಅದರ ಕುತ್ತಿಗೆಗೆ ಬರುವುದು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಉಳಿದ ಒಂದೋ ಎರಡೋ ಗುಂಡಿಗೆ ಅದು ಬರಲೇಬೇಕು. ಉರುಳು ಹಾಕುವವನಿಗೆ ಅದು ಗೊತ್ತು. ಚಿರತೆಗೂ ಗೊತ್ತು. ಊರ ನಾಯಿಗಳಿಗಂತೂ ಚೆನ್ನಾಗಿ ಗೊತ್ತು.

ಬೆಳ್ಳಕ್ಕಿಸಾಲು:
ಸಂಸಾರದ ವಿಷಯ ನಾನು ಹೇಳುತ್ತೇನೆ. ಮಂಗಟ್ಟೆ ಮನೆತನ ಎಲ್ಲರಿಗೂ ಗೊತ್ತು: ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆ ಮತ್ತು ಹಣ್ಣಿನ ಚೂರುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಂದೋ ಎರಡೋ ಮೊಟ್ಟೆ, ಕಾವು ಹೆಚ್ಚುಕಡಿಮೆ 40 ದಿನ. ಒಳಗೆ ಕೂತಾಗಲೇ ರೆಕ್ಕೆಯ ಗರಿಗಳೂ ಉದುರಿ ಹೊಸದು ಬರುತ್ತವೆ, ಅಂದರೆ ಬೇಕೆಂದರೂ ಹಾರಲು ಆಗುವುದಿಲ್ಲ. ಅಷ್ಟು ದಿನವೂ ಗಂಡು ಗಂಟಲಲ್ಲಿ ಹಣ್ಣು ತುಂಬಿ ತಂದು, ಒಂದೊಂದೇ ಕಕ್ಕಿ ಕೊಡುತ್ತದೆ. ದೊಡ್ಡ ಮಂಗಟ್ಟೆಯಲ್ಲಿ ಇನ್ನೊಂದು ವಿಶೇಷ ಇದೆ. ಮರಿ ಸ್ವಲ್ಪ ಬಲಿತ ಮೇಲೆ ತಾಯಿ ಒಡೆದು ಹೊರಬರುತ್ತದೆ, ಮರಿ ಒಳಗಿನಿಂದ ಮತ್ತೆ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ! ಆಮೇಲೆ ಅಪ್ಪ ಅಮ್ಮ ಇಬ್ಬರೂ ಊಟ ತರುತ್ತಾರೆ.

ಕೊಂಡುಕುರಿಯ ಅಪ್ಪ ಮರಿಯ ಮುಖ ನೋಡಲು ಬರುವುದಿಲ್ಲ. ಮೇ ಜುಲೈ ನಡುವೆ ಜೊತೆಯಾಗುತ್ತದೆ, ಆಮೇಲೆ ದಾರಿ ಹಿಡಿಯುತ್ತದೆ. ತಾಯಿ ಸುಮಾರು ಎಂಟು ತಿಂಗಳು ಹೊತ್ತು, ಒಂದೋ ಎರಡೋ ಮರಿ ಹಾಕಿ, ಹುಲ್ಲಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ.

ಹಳೇ ಬೈನಾಕ್ಯುಲರ್:
ನಮ್ಮ ಮನೆಯಾಕೆ ಇದನ್ನು ಓದಿದರೆ ನನಗೆ ಯಾವ ಹೆಸರಿಡುತ್ತಾಳೆ ಅಂತ ಗೊತ್ತು. ದಯವಿಟ್ಟು ಅಳಿಸಿ.

ಬೆಳ್ಳಕ್ಕಿಸಾಲು:
ಓದಲಿ ಅಂತಲೇ ಬರೆದದ್ದು ಅಣ್ಣಾ.

ಸೀಳುನಾಯಿ:
ಈ "ಒಳ್ಳೆಯ ಗಂಡ, ಕೆಟ್ಟ ಗಂಡ" ಪಾಠವನ್ನು ಮಾತ್ರ ಶಾಲೆಯ ಚಾರ್ಟ್‌ಗೆ ಹಾಕಬೇಡಿ ಮೇಡಂ. ಕೊಂಡುಕುರಿ ಗಂಡು ಏನು ತಂದುಕೊಡಬೇಕು? ಮರಿಗೆ ಬೇಕಾದದ್ದು ತಾಯಿಯ ಹಾಲು. ಹಕ್ಕಿಗೆ ಹಾಲಿಲ್ಲ, ಹಣ್ಣನ್ನು ಯಾರು ಬೇಕಾದರೂ ತರಬಹುದು. ಅದಕ್ಕೇ ಅಲ್ಲಿ ಗಂಡಿಗೆ ಕೆಲಸ ಇದೆ. ಜೊತೆಗೆ, ಹತ್ತಿರದಲ್ಲಿ ಇಬ್ಬರು ಮೂವರು ಓಡಾಡಿದರೆ ಬಚ್ಚಿಟ್ಟ ಮರಿಯ ಜಾಗ ಚಿರತೆಗೆ ತೋರಿಸಿಕೊಟ್ಟ ಹಾಗೆ. ದೂರ ಇರುವುದೇ ಅದು ಮಾಡುವ ಉಪಕಾರ.

ಬಿದಿರುಮೆಳೆ:
ಇದನ್ನು ಒಪ್ಪುತ್ತೇನೆ. ಇವತ್ತು ಮೊದಲ ಸಲ.

ಪರೀಕ್ಷೆಗೆ ಓದೋಳು:
ಒಂದು ತಕರಾರು. ದೊಡ್ಡ ಮಂಗಟ್ಟೆ ಮಳೆಕಾಡಿನದ್ದು, ಕೊಂಡುಕುರಿ ಎಲೆ ಉದುರುವ ಒಣಕಾಡಿನದ್ದು. ಎರಡೂ ಎದುರುಬದುರಾಗುವುದೇ ಅಪರೂಪ. ಹೋಲಿಸುವುದಾದರೆ ಬೂದು ಮಂಗಟ್ಟೆ ತೆಗೆದುಕೊಳ್ಳಬೇಕಿತ್ತು, ಇಂಡಿಯನ್ ಗ್ರೇ ಹಾರ್ನ್‌ಬಿಲ್. ಅದು ಒಣಕಾಡಲ್ಲೂ ಇದೆ, ಊರ ಆಲದ ಮರದಲ್ಲೂ ಇದೆ.

ಗೋಡೆಪತ್ರಿಕೆ:
ಚೀಟಿ ನನ್ನ ಕೈಯಲ್ಲಿ ಇರಲಿಲ್ಲಮ್ಮ. 🙂

ಗೋಣಿಮರ:
ಬೇರೆ ಬೇರೆ ಕಾಡು ಅನ್ನುವುದೇ ಈ ಜೋಡಿಯ ಲಾಭ. ಕಾಡು ಅಂದಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಮಂಜು ಮುಸುಕಿದ ಮಲೆನಾಡು. ಕುರುಚಲು ಗುಡ್ಡವನ್ನು ಯಾರೂ ಕಾಡು ಅನ್ನುವುದಿಲ್ಲ. "ಏನೂ ಇಲ್ಲದ ಜಾಗ" ಅಂತ ಕಲ್ಲು ಒಡೆಯಲು, ಗಾಳಿಯಂತ್ರ ನೆಡಲು, ರಸ್ತೆ ಹಾಕಲು ಮೊದಲು ಕಣ್ಣು ಹೋಗುವುದು ಅಲ್ಲಿಗೇ. ದಾಂಡೇಲಿಯಲ್ಲಿ ಒಂದು ದೊಡ್ಡ ಮರ ಕಡಿದರೆ ಸುದ್ದಿಯಾಗುತ್ತದೆ. ಕುರುಚಲು ಗುಡ್ಡ ಹೋದರೆ ಯಾರೂ ಕೇಳುವುದಿಲ್ಲ.

ಕೆಂಪುಧೂಳು:
ಇದಕ್ಕೊಂದು ನೇರ ಉದಾಹರಣೆ ಇದೆ. 2011ರಲ್ಲಿ ನಮ್ಮ ರಾಜ್ಯದಲ್ಲಿ ಎರಡೂ ಆದವು: ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು, ಇಲ್ಲಿ ರಂಗಯ್ಯನದುರ್ಗ ಅಭಯಾರಣ್ಯ. ಅದು 52 ಚದರ ಕಿ.ಮೀ. ಚಿಲ್ಲರೆ, ಇದು 77. ಕಾಗದದಲ್ಲಿ ನಮ್ಮದೇ ದೊಡ್ಡದು, ಅಭಯಾರಣ್ಯ ಅನ್ನುವ ದರ್ಜೆಯೂ ಜಾಸ್ತಿ. ಆದರೆ ದಾಂಡೇಲಿ ಟಿಂಬರ್ ಡಿಪೋದಲ್ಲಿ ಮಂಗಟ್ಟೆ ನೋಡಲು ದೊಡ್ಡ ದೊಡ್ಡ ಲೆನ್ಸ್ ಹಿಡಿದು ಎಲ್ಲೆಲ್ಲಿಂದಲೋ ಬರುತ್ತಾರೆ. ಇಲ್ಲಿಗೆ ಬರುವವರು ಎಷ್ಟು ಜನ? ಬಂದವರೂ "ಕರಡಿ ಕಾಣಿಸುತ್ತದಾ?" ಅಂತ ಕೇಳುತ್ತಾರೆ.

ಮಂಗಟ್ಟೆಗೆ ಕೇರಳದಲ್ಲಿ ರಾಜ್ಯಪಕ್ಷಿ ಪಟ್ಟ, ಅರುಣಾಚಲದಲ್ಲೂ ಅದೇ. ನಾಗಾಲ್ಯಾಂಡಿನಲ್ಲಿ 2000ದಿಂದ ಅದರ ಹೆಸರಿನಲ್ಲಿ ಪ್ರತಿ ಡಿಸೆಂಬರ್ ಉತ್ಸವ. ಕೊಂಡುಕುರಿ ಹೆಸರಲ್ಲಿ ಒಂದು ಹೋಟೆಲ್ಲೂ ಇಲ್ಲ.

ಹಳೇ ಬೈನಾಕ್ಯುಲರ್:
ಹೆಸರು ಬಂದದ್ದು ಸುಮ್ನೆ ಅಲ್ಲ ಸ್ವಾಮಿ. ಆ ಹೆಸರಿನಿಂದಲೇ ಎಷ್ಟೋ ಮಂಗಟ್ಟೆ ಸತ್ತಿವೆ. ಅರುಣಾಚಲದ ನಿಶಿ ಜನರ ಟೋಪಿಗೆ ಮಂಗಟ್ಟೆಯ ಕೊಕ್ಕು ಬೇಕಿತ್ತು. ಈಗ ಫೈಬರ್ ಗ್ಲಾಸ್ ಕೊಕ್ಕು ಬಂದಿದೆ, ಅದೇ ನಿಶಿ ಜನ ಅಲ್ಲಿನ ಪಕ್ಕೆ ಅನ್ನುವ ಕಾಡಿನಲ್ಲಿ ಗೂಡು ಕಾಯುತ್ತಿದ್ದಾರೆ. ಕೇರಳದ ವಾಳಚ್ಚಾಲ್‌ನಲ್ಲಿ ಕಾಡರ್ ಸಮುದಾಯದವರು ಅದೇ ಕೆಲಸ ಮಾಡುತ್ತಾರೆ. ಜನಕ್ಕೆ ಗೊತ್ತಿರುವ ಪ್ರಾಣಿಗೆ ಕಾವಲುಗಾರರೂ ಸಿಗುತ್ತಾರೆ ಅನ್ನಿ.

ಕೆಂಪುಧೂಳು:
ಬೇಟೆಗೆ ಕೊಂಡುಕುರಿಯೂ ಹೊರತಲ್ಲ. ನಾಲ್ಕು ಕೊಂಬಿನ ಬುರುಡೆ ಅಂತ ಗೋಡೆಗೆ ತೂಗುಹಾಕಲು ಹಿಂದೆ ಹೊಡೆದದ್ದು ಕಡಿಮೆಯೇನಲ್ಲ. ಈಗ ಮಾಂಸಕ್ಕೆ ಹೊಡೆಯುತ್ತಾರೆ. ಹಿಡಿದವನಿಗೆ ಎಷ್ಟೋ ಸಲ ಅದು ಯಾವ ಪ್ರಾಣಿ ಅಂತಲೂ ಗೊತ್ತಿರುವುದಿಲ್ಲ.

ಮಕ್ಕಳು ಜೈಲು ಅಂತ ಬರೆದದ್ದು ಸರಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಎರಡೂ ಇವೆ, ಹುಲಿಯ ಜೊತೆಯಲ್ಲೇ. ಮೂರರಿಂದ ಏಳು ವರ್ಷ.

ಮಳೆಗಾಲದ ಕಪ್ಪೆ:
ಮಂಗಟ್ಟೆ ಫೋಟೋದವರ ಬಗ್ಗೆ ಒಂದು ಮಾತು. ನಮ್ಮ ತೋಟದ ಅಂಚಿನ ಮರದಲ್ಲಿ ಮಂಗಟ್ಟೆ ಗೂಡು ಇತ್ತು. ಒಬ್ಬರಿಗೆ ತೋರಿಸಿದೆವು, ಮರುವಾರ ಕಾರಲ್ಲಿ ಗುಂಪೇ ಬಂತು. ಮರದ ಬುಡದಲ್ಲೇ ಕುರ್ಚಿ ಹಾಕಿ ಕೂತರು. ಗಂಡು ಹಣ್ಣು ಹಿಡಿದುಕೊಂಡು ಆಚೆ ಮರದಲ್ಲಿ ಕೂತಿದೆ, ಗೂಡಿಗೆ ಬರುತ್ತಿಲ್ಲ. ಒಳಗಿನವು ಉಪವಾಸ. ನಾನು ಹೋಗಿ ಎಬ್ಬಿಸಿದ್ದಕ್ಕೆ "ನಾವು ಪಕ್ಷಿಪ್ರೇಮಿಗಳು" ಅಂದರು. ಎಂಥ ಪ್ರೇಮ ಮಾರಾಯ್ರೆ!

ಬೆಳ್ಳಕ್ಕಿಸಾಲು:
ಗೂಡಿನ ಜಾಗ ಯಾರಿಗೂ ಹೇಳಬೇಡಿ. ಇಲ್ಲಿಯೂ ಊರ ಹೆಸರು ಹಾಕಬೇಡಿ.

ಹಳೇ ಬೈನಾಕ್ಯುಲರ್:
ಎಲ್ಲ ಫೋಟೋದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ದೂರದಿಂದ, ಮರೆಯಲ್ಲಿ ಕೂತು ತೆಗೆಯುವವರೂ ಇದ್ದಾರೆ.

ಮಳೆಗಾಲದ ಕಪ್ಪೆ:
ಇರಬಹುದು. ನಮ್ಮ ತೋಟಕ್ಕೆ ಅವರು ಬರಲಿಲ್ಲ.

ಬಿದಿರುಮೆಳೆ:
ಹುಡುಗಿಯ ಪ್ರಶ್ನೆಗೆ ಬರೋಣ. ಯಾವುದನ್ನು ಉಳಿಸುವುದು ಕಷ್ಟ?

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿದ್ದಾರೆ, ವಲ್ನರಬಲ್, ಅಂದರೆ ಅಳಿವಿನ ಅಪಾಯಕ್ಕೆ ಸಿಕ್ಕವು. ದೊಡ್ಡ ಮಂಗಟ್ಟೆ ಅಲ್ಲಿಗೆ ಇಳಿದದ್ದು 2018ರಲ್ಲಿ, ಅದಕ್ಕೆ ಮೊದಲು ಒಂದು ಮೆಟ್ಟಿಲು ಮೇಲಿತ್ತು. ಪಟ್ಟಿ ನೋಡಿದರೆ ಸಮ. ಆದರೆ ಕಷ್ಟದ ಬಗೆ ಬೇರೆ.

ಮಂಗಟ್ಟೆಗೆ ಎರಡು ಬೇಕು: ಪೊಟರೆ ಇರುವ ಮುದಿ ಮರ, ವರ್ಷಪೂರ್ತಿ ಎಲ್ಲಾದರೂ ಹಣ್ಣು. ತಾನೇ ಪೊಟರೆ ಕೊರೆಯಲು ಅದಕ್ಕೆ ಬರುವುದಿಲ್ಲ. ಅದು ಹೊಕ್ಕುವಷ್ಟು ದೊಡ್ಡ ಪೊಟರೆ ಆಗಲು ಮರ ಎಷ್ಟೋ ದಶಕ ಬಾಳಿರಬೇಕು. ಒಂದು ಮರ ಬಿದ್ದರೆ ನಾಳೆ ನೆಟ್ಟು ತುಂಬಲಾಗುವುದಿಲ್ಲ. ಮರಿಯೂ ಸಾಮಾನ್ಯವಾಗಿ ವರ್ಷಕ್ಕೊಂದು. ಕಳೆದುಕೊಂಡರೆ ಮತ್ತೆ ತುಂಬಿಕೊಳ್ಳುವುದು ಬಹಳ ನಿಧಾನ.

ಕೊಂಡುಕುರಿಗೆ ನೂರು ವರ್ಷದ ಮರ ಬೇಡ. ಹುಲ್ಲು, ಪೊದೆ, ನೀರು ಕೊಟ್ಟು ಸುಮ್ಮನೆ ಬಿಟ್ಟರೆ ಬೇಗ ಚೇತರಿಸಿಕೊಳ್ಳುವ ಪ್ರಾಣಿ. ಕಾಗದದ ಮೇಲೆ ಇದೇ ಸುಲಭ.

ಕೆಂಪುಧೂಳು:
ಆ "ಸುಮ್ಮನೆ ಬಿಟ್ಟರೆ" ಅನ್ನುವುದರಲ್ಲೇ ಎಲ್ಲಾ ಇದೆ ಸಾರ್. ಯಾರು ಬಿಡುತ್ತಾರೆ? ಬೇಸಿಗೆಯಲ್ಲಿ ಬೆಂಕಿ, ಮರಿ ಅಡಗುವ ಹುಲ್ಲು ಪೂರ್ತಿ ಕರಕಲು. ಹುಲ್ಲು ಚಿಗುರಿದರೆ ದನ, ಕುರಿ. ಜಾಗ ಖಾಲಿಯಾದರೆ ಲಂಟಾನ ಅನ್ನುವ ಕಳೆ ಪೊದೆ. ನೀರಿನ ಗುಂಡಿಗೆ ನಾಯಿ. ಇವುಗಳಲ್ಲಿ ಯಾವುದಕ್ಕೂ ಒಬ್ಬ ಕಳ್ಳನನ್ನು ಹಿಡಿದು ಕೇಸು ಹಾಕಲು ಬರುವುದಿಲ್ಲ. ಒಟ್ಟು ಕೊಂಡುಕುರಿಗಳ ಸಂಖ್ಯೆ ಹತ್ತು ಸಾವಿರದ ಒಳಗೇ ಅನ್ನುತ್ತಾರೆ, ಅದೂ ಚೂರು ಚೂರು ಕಾಡಲ್ಲಿ ಹಂಚಿಹೋಗಿವೆ. ಮಂಗಟ್ಟೆಯಾದರೆ ಒಂದು ಚೂರಿಂದ ಇನ್ನೊಂದಕ್ಕೆ ಹಾರಿಹೋಗುತ್ತದೆ. ಇದು ನಡುವಿನ ಹೊಲ, ಹೆದ್ದಾರಿ ದಾಟಬೇಕು. ನನ್ನ ಓಟು ಕೊಂಡುಕುರಿಗೆ. ಉಳಿಸುವುದು ಇದನ್ನೇ ಕಷ್ಟ, ಯಾಕೆಂದರೆ ಹೋಗಿದ್ದು ಗೊತ್ತಾಗುವುದೇ ಇಲ್ಲ. ಮಂಗಟ್ಟೆ ಇಲ್ಲವಾದರೆ ಊರಿಗೆಲ್ಲ ತಿಳಿಯುತ್ತದೆ, ಸದ್ದು ನಿಲ್ಲುತ್ತದಲ್ಲ.

ಅರಿಶಿನಬುರುಡೆ:
ನಾಯಿ ವಿಷಯ ಎತ್ತಿದಿರಿ, ಈಗ ನೋಡಿ ಜಗಳ ಶುರುವಾಗುತ್ತದೆ.

ಸೀಳುನಾಯಿ:
ಶುರು ಮಾಡುವವನು ನಾನೇ. ನಾಯಿ ತಪ್ಪಲ್ಲ, ಕಾಡಂಚಿನಲ್ಲಿ ಕೋಳಿ ತ್ಯಾಜ್ಯ ಸುರಿಯುವವರ ತಪ್ಪು. ಹೊಟ್ಟೆ ತುಂಬ ಊಟ ಸಿಕ್ಕರೆ ನಾಯಿ ಹತ್ತಾಗುತ್ತದೆ, ಇಪ್ಪತ್ತಾಗುತ್ತದೆ. ಆಮೇಲೆ ಆಟಕ್ಕೂ ಬೇಟೆಯಾಡುತ್ತದೆ.

ಅರಿಶಿನಬುರುಡೆ:
ತ್ಯಾಜ್ಯ ನಿಲ್ಲಿಸುವವರೆಗೆ ಕೊಂಡುಕುರಿ ಕಾಯಬೇಕಾ? ಕಾಡಿನೊಳಗೆ ಬಂದ ನಾಯಿ ನಾಯಿಯೇ. ಯಾರ ತಪ್ಪು ಅಂತ ಸತ್ತ ಮರಿ ಕೇಳುವುದಿಲ್ಲ.

ಸೀಳುನಾಯಿ:
ಸರಿ, ನೀವೇ ಹೇಳಿ, ಹಿಡಿದು ಎಲ್ಲಿಗೆ ಬಿಡುತ್ತೀರಿ? ಪಕ್ಕದ ಊರಿಗಾ? ನಾಳೆ ಅಲ್ಲಿಂದ ಕಾಡಿಗೆ ಬರುತ್ತದೆ.

ಬೆಳ್ಳಕ್ಕಿಸಾಲು:
ಈ ನಾಯಿಜಗಳ ಬೇರೆ ಕಡೆ ಮುಂದುವರಿಸಿ, ದಯವಿಟ್ಟು. ಮೇಡಂಗೆ ಚಾರ್ಟ್ ಮುಗಿಸಬೇಕಿದೆ.

ಪರೀಕ್ಷೆಗೆ ಓದೋಳು:
ಕಾಣದ ಪ್ರಾಣಿ ಅಂತೀರಿ, ಹಾಗಾದರೆ ಇದನ್ನು ಎಣಿಸುವುದು ಹೇಗೆ? ಹತ್ತು ಸಾವಿರದ ಒಳಗೆ ಅಂತ ಹೇಗೆ ಹೇಳುತ್ತಾರೆ?

ಕೆಂಪುಧೂಳು:
ಒಂದು ದಾರಿ ಕ್ಯಾಮೆರಾ ಟ್ರ್ಯಾಪ್, ಪ್ರಾಣಿ ಮುಂದೆ ಹಾದರೆ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ. ಇನ್ನೊಂದು ಹಿಕ್ಕೆ. ಕೊಂಡುಕುರಿಗೆ ಒಂದು ಅಭ್ಯಾಸ ಇದೆ: ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಾಗಾಗಿ ಗುಡ್ಡೆ ಗುಡ್ಡೆಯಾಗಿ ಸಿಗುತ್ತದೆ. ಕೆಳಗಿನದ್ದು ಒಣಗಿ ಬಿಳಿಚಿರುತ್ತದೆ, ಮೇಲಿನದ್ದು ಹಸಿ. ಪ್ರಾಣಿ ಕಾಣದಿದ್ದರೂ ಅದು ಇಲ್ಲಿ ವಾಸ ಇದೆ, ಈಗಲೂ ಬರುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ. ಯಾವ ಯಾವ ಚೂರಲ್ಲಿ ಹಿಕ್ಕೆ ಇದೆ, ಎಲ್ಲಿ ಇಲ್ಲ ಅಂತ ಗುರುತು ಹಾಕಿಕೊಂಡು ಹೋಗುತ್ತಾರೆ.

ಪರೀಕ್ಷೆಗೆ ಓದೋಳು:
ಮೊಲದ ಹಿಕ್ಕೆಯೂ ಗುಂಡಗೆ ಇರುತ್ತದಲ್ಲ. ಗೊಂದಲ ಆಗಲ್ವಾ?

ಕೆಂಪುಧೂಳು:
ಮೊಲದ್ದು ಗುಂಡಗೆ, ಸ್ವಲ್ಪ ಚಪ್ಪಟೆ, ಒಡೆದರೆ ಒಳಗೆ ಹುಲ್ಲಿನ ನಾರು ಕಣ್ಣಿಗೇ ಕಾಣುತ್ತದೆ. ಮೆಲುಕು ಹಾಕುವವುಗಳದ್ದು ನುಣ್ಣಗೆ ಅರೆದಿರುತ್ತದೆ. ಕಷ್ಟ ಬರುವುದು ಮೊಲದ್ದಲ್ಲ, ಕಾಡುಕುರಿಯದ್ದು ಮತ್ತು ಮೇಯಲು ಬಿಟ್ಟ ಆಡುಕುರಿಗಳದ್ದು. ಅಲ್ಲಿ ಒಂದೊಂದೇ ಹಿಕ್ಕೆ ನೋಡಿ ಹೇಳಲು ಹೋಗಬಾರದು. ಗುಡ್ಡೆ ಹಳೆಯದೂ ಹೊಸದೂ ಬೆರೆತಿದೆಯಾ, ಪಕ್ಕದಲ್ಲಿ ಗೊರಸಿನ ಗುರುತು ಇದೆಯಾ ಅಂತ ಸೇರಿಸಿ ನೋಡಬೇಕು.

ಹಳೇ ಬೈನಾಕ್ಯುಲರ್:
ಮಂಗಟ್ಟೆ ಗೂಡು ಹುಡುಕುವುದೂ ಹೀಗೇ ನೋಡಿ. ಮೇಲೆ ನೋಡುವುದಕ್ಕೆ ಮೊದಲು ಮರದ ಬುಡ ನೋಡಬೇಕು. ಉಗುಳಿದ ಬೀಜ, ಹಿಕ್ಕೆ, ಮೊಳಕೆ ಒಡೆದ ಸಸಿಗಳು ಒಂದೇ ಕಡೆ ಬಿದ್ದಿದ್ದರೆ ಮೇಲೆ ಪೊಟರೆ ಇದೆ ಅಂತ ಅರ್ಥ. ಅದೇ ಗೂಡಿಗೆ ವರ್ಷ ವರ್ಷವೂ ಬರುತ್ತವೆ.

ಗೋಡೆಪತ್ರಿಕೆ:
ಎರಡನ್ನೂ ಹಿಕ್ಕೆಯಿಂದ ಪತ್ತೆ ಮಾಡಬಹುದು ಅಂದರೆ ನಮ್ಮ ಹುಡುಗರು ಚಾರ್ಟ್ ಪೂರ್ತಿ ಅದನ್ನೇ ಬಿಡಿಸುತ್ತಾರೆ. ಮುಖ್ಯ ಶಿಕ್ಷಕರಿಗೆ ಏನು ಹೇಳಲಿ?

ಸೀಳುನಾಯಿ:
ವಿಜ್ಞಾನ ಅನ್ನಿ. ಬಣ್ಣ ಮಾತ್ರ ಸರಿಯಾಗಿ ಹಾಕಿಸಿ, ಕೆಳಗಿನದ್ದು ಬಿಳಿಚು, ಮೇಲಿನದ್ದು ಕಪ್ಪು.